ಎರೆನಾಡಿನ ಮನೆಯೊಳಗಣ ಧೂಳು

ಮಹಾನವಮಿ ಸಮೀಪಿಸಿತೆಂದರೆ ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮನೆಯೊಳಗಿನ ಸಂಸಾರವೆಲ್ಲ ಅಂಗಳಕ್ಕೆ ಬಂದು ಕೂಡುತ್ತದೆ. ನಾಗೊಂದಿಗೆಯ ಮೇಲಿನ ತಾಮ್ರ ಹಿತ್ತಾಳೆಯ ಪಾತ್ರೆಗಳು, ಅಟ್ಟದ ಮೇಲಿನ ಗಡಿಗೆಗಳು, ಕೌದಿ ಕಂಬಳಿಗಳು ಹೊರಗೆ ಬೀಳುತ್ತವೆ. ಜಂತಿಯ ಸಂದಿನ ಇಲ್ಲಣವನ್ನು ತೆಗೆದು, ಗೋಡೆಗೆ ಸುಣ್ಣ ಬಳಿದು, ಹಾಸಿಗೆ ಹೊದಿಕೆಗಳನ್ನು ಹಳ್ಳಕ್ಕೋ ಕಾಲುವೆಗೋ ಒಯ್ದು ಒಗೆದು ತರುವುದರಲ್ಲಿ ನಾಲ್ಕಾರು ದಿನಗಳು ಸಂದುಹೋಗುತ್ತವೆ. ಈ ಪದ್ಧತಿ ಒಳ್ಳೆಯದೇ. ಆದರೆ ಧೂಳು ವರ್ಷಕ್ಕೊಮ್ಮೆ ಬರುವ ಅತಿಥಿಯಲ್ಲ. ಅದು ಮನೆಯವರೊಡನೆ ದಿನವೂ ಉಂಡು ದಿನವೂ ಮಲಗುವಂಥದು. ಮನೆಯ ಮಗುವಿಗೆ ರಾತ್ರಿಯಿಡೀ ಕೆಮ್ಮು ಬರುವುದು, ಬಾಣಂತಿಗೆ ಸೀನು ನಿಲ್ಲದಿರುವುದು, ಅಜ್ಜನ ದಮ್ಮು ಸುಗ್ಗಿಯ ಕಾಲದಲ್ಲಿ ಉಲ್ಬಣಿಸುವುದು, ಇವಕ್ಕೂ ಜಂತಿಯಿಂದ ಉದುರುವ ಹುಡಿಗೂ ಸಂಬಂಧವುಂಟೆಂದು ಬಗೆಯುವವರು ಇಂದಿಗೂ ವಿರಳ. ಆದ್ದರಿಂದ ಈ ವಿಷಯವನ್ನು ಕುರಿತು ತುಸು ವಿಸ್ತಾರವಾಗಿಯೇ ಬರೆಯಬೇಕೆಂದು ನಮಗೆ ತೋರಿತು.

ಮೊದಲು ನೆಲದ ಗುಣವನ್ನು ನೋಡೋಣ. ನವಲಗುಂದ, ಅಣ್ಣಿಗೇರಿ ಹಾಗೂ ಕುಂದಗೋಳದ ಬಹುಭಾಗ ಎರೆಭೂಮಿ. ಹತ್ತಿ, ಬಿಳಿಜೋಳ, ಕಡಲೆ, ಗೋದಿ, ಮೆಣಸಿನಕಾಯಿಗಳಿಗೆ ತಾಯಿಯಾದ ಈ ಕರಿಯ ಮಣ್ಣಿನಲ್ಲಿ ಜೇಡಿಯ ಅಂಶ ಅತ್ಯಧಿಕ. ಮಣ್ಣಿನ ಶಾಸ್ತ್ರಜ್ಞರು ಜೇಡಿಯೆಂದು ಕರೆಯುವುದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗಕ್ಕಿಂತ ಸಣ್ಣದಾದ ಕಣವನ್ನು. ಮಳೆ ಬಿದ್ದಾಗ ಈ ಮಣ್ಣು ಉಬ್ಬಿ ಕಾಲಿಗೆ ಅಂಟುತ್ತದೆ. ಬೇಸಗೆಯಲ್ಲಿ ಬಿರಿದು, ಬಂಡಿಯ ಗಾಲಿ, ಟ್ರ್ಯಾಕ್ಟರಿನ ಗಾಲಿಗಳ ಕೆಳಗೆ ನುರಿದು, ಹಿಟ್ಟಿನಂತೆ ನುಣ್ಣಗಾಗುತ್ತದೆ. ಬಯಲಿನಲ್ಲಿ ಗಾಳಿಗೆ ತಡೆಯೂ ಇಲ್ಲ. ಚಳಿಗಾಲದ ಮೂಡಗಾಳಿ ಒಂದು ಕಡೆಯಿಂದ, ಮುಂಗಾರಿಗೆ ಮುನ್ನ ಬೀಸುವ ಪಡುಗಾಳಿ ಇನ್ನೊಂದು ಕಡೆಯಿಂದ ಊರನ್ನು ಧೂಳಿನಲ್ಲಿ ಮೀಯಿಸುತ್ತವೆ.

ಕಲಘಟಗಿಯ ಕಡೆಗೆ ಹೋದರೆ ನೋಟವೇ ಬೇರೆ. ಅದು ಮಲೆನಾಡಿನ ಸೆರಗು. ಮಳೆ ಹೆಚ್ಚು, ಮಣ್ಣು ಕೆಂಪು, ಭತ್ತದ ಗದ್ದೆ, ಹಂಚಿನ ಮನೆ. ಅಲ್ಲಿಯ ಮನೆಗಳಲ್ಲಿ ಹೊರಗಿನ ಹುಡಿಗಿಂತ ಒಳಗಿನ ತೇವ ಹೆಚ್ಚಿನ ಶತ್ರು. ತೇವದಲ್ಲಿ ಬೂಸರು ಬೆಳೆಯುತ್ತದೆ. ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುಹುಳುಗಳು ಹೆಚ್ಚುತ್ತವೆ. ಆದುದರಿಂದ ಒಂದೇ ಜಿಲ್ಲೆಯಾದರೂ ನವಲಗುಂದದ ತಾಯಿಗೆ ಹೇಳುವ ಮಾತನ್ನೇ ಕಲಘಟಗಿಯ ತಾಯಿಗೆ ಹೇಳಿದರೆ ಪೂರ್ಣ ಫಲ ಸಿಗಲಾರದು.

ಇನ್ನು ಮನೆಯ ಮಾತು. ಎರೆನಾಡಿನ ಹಳೆಯ ಮಾಳಿಗೆಮನೆಯ ಛಾವಣಿಯೇ ಮಣ್ಣು. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಚಿಲಿಕೆ, ಎಲ್ಲಕ್ಕೂ ಮೇಲೆ ಮೇಲ್ಮುದ್ದೆ. ಮೇಲ್ಮುದ್ದೆಗೆ ಹಿರಿಯರು ಸವಳು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಬೆಳೆಗೆ ಬಾರದ ಆ ಮಣ್ಣು ನೀರು ತಾಗಿದೊಡನೆ ಕರಗಿ ಹರಡಿ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಹೀಗಾಗಿ ಮನೆ ಸೋರುವುದಿಲ್ಲ. ಹೊಲಕ್ಕೆ ಶಾಪವಾದುದನ್ನು ಮನೆಗೆ ವರವಾಗಿಸಿಕೊಂಡ ಆ ಜಾಣ್ಮೆಗೆ ನಾವು ತಲೆದೂಗುತ್ತೇವೆ. ಆದರೆ ಒಣಗಿದ ಕಾಲದಲ್ಲಿ ಇದೇ ಮಣ್ಣು ಜಂತಿಯ ಸಂದಿನಿಂದ ಹಗಲಿರುಳು ಸಣ್ಣಗೆ ಸುರಿಯುತ್ತಿರುತ್ತದೆ. ಇಲಿ ಓಡಿದರೆ ಒಂದು ಹಿಡಿ, ಮಾಳಿಗೆಯ ಮೇಲೆ ಯಾರಾದರೂ ನಡೆದರೆ ಇನ್ನೊಂದು ಹಿಡಿ. ಅನ್ನದ ಬೋಗುಣಿ, ತೊಟ್ಟಿಲ ಕೂಸಿನ ಕಣ್ಣು, ಪೂಜೆಯ ಹೂವು, ಯಾವುದನ್ನೂ ಅದು ಬಿಡದು.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಉಪಾಯ ಮೇಲುಕಟ್ಟು. ದೇವರ ಜಗುಲಿಯ ಮೇಲೆ ಶುಭ್ರವಾದ ಅರಿವೆಯನ್ನು ನಾಲ್ಕು ಮೂಲೆಗೆ ಬಿಗಿದು ಕಟ್ಟುವುದನ್ನು ಮಠಮಾನ್ಯಗಳಲ್ಲಿಯೂ ಮನೆಗಳಲ್ಲಿಯೂ ಎಲ್ಲರೂ ಕಂಡಿದ್ದೇವೆ. ಜನ ಅದನ್ನು ಅಲಂಕಾರವೆಂದು ಎಣಿಸಿದರು. ಅದು ಅಲಂಕಾರವೂ ಹೌದು, ಪೂಜೆಯ ತಾಣಕ್ಕೆ ಧೂಳು ಬೀಳದಂತೆ ತಡೆಯುವ ಸಾಧನವೂ ಹೌದು. ಲಿಂಗಪೂಜೆಯ ತಾಣಕ್ಕೆ ಸಲ್ಲುವ ಈ ಮರ್ಯಾದೆಯನ್ನು ಅಡುಗೆಯ ಒಲೆಯಿಂದ ದೂರವಾದ ಉಣ್ಣುವ ಸ್ಥಳಕ್ಕೂ, ಕೂಸು ಮಲಗುವ ಮೂಲೆಗೂ ಏಕೆ ಸಲ್ಲಿಸಬಾರದು? ಹಳೆಯ ಸೀರೆಯೊಂದು ಸಾಕು. ಒತ್ತಾದ ನೇಯ್ಗೆಯದಾಗಿರಬೇಕು, ಎರಡು ತಿಂಗಳಿಗೊಮ್ಮೆ ಬಿಚ್ಚಿ ಹೊರಗೆ ಒಯ್ದು ಕೊಡವಿ ಒಗೆಯಬೇಕು. ಬಿಚ್ಚುವಾಗ ನಾಲ್ಕು ಮೂಲೆಗಳನ್ನು ಒಳಕ್ಕೆ ಮಡಚಿ ಗಂಟಿನಂತೆ ಇಳಿಸಬೇಕು. ಇಲ್ಲವಾದರೆ ಎರಡು ತಿಂಗಳ ಧೂಳು ಒಂದೇ ಗಳಿಗೆಯಲ್ಲಿ ತಲೆಯ ಮೇಲೆ ಬಿದ್ದೀತು!

ಧೂಳಿನ ಸ್ವಭಾವವನ್ನು ಅರಿಯಲು ನಮ್ಮವರಿಗೆ ಪಾಶ್ಚಾತ್ಯ ಗ್ರಂಥಗಳೇ ಬೇಕಿಲ್ಲ. ವಿಭೂತಿಯನ್ನು ತಯಾರಿಸುವ ಕ್ರಮವನ್ನು ನೋಡಿದರೆ ಸಾಕು. ಹಾನಗಲ್ಲ ಕುಮಾರ ಮಹಾಶಿವಯೋಗಿಗಳು 1909ರಲ್ಲಿ ಬಾದಾಮಿಯ ಬಳಿ ಸ್ಥಾಪಿಸಿದ ಶಿವಯೋಗಮಂದಿರದ ವಿಭೂತಿ ಪ್ರಸಿದ್ಧವಾದುದು. ಆಕಳ ಸಗಣಿಯನ್ನು ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಕಿ, ಅರಿವೆಯಲ್ಲಿ ಸೋಸಿ, ತಿಳಿಯಾಗಲು ಬಿಡುವುದು ವಿಭೂತಿಯ ಪರಂಪರಾಗತ ವಿಧಾನ. ಕಲಕಿದ ನೀರಿನಲ್ಲಿ ದಪ್ಪ ಕಣ ಮೊದಲು ತಳ ಸೇರುತ್ತದೆ. ನುಣುಪಾದುದು ಬಹಳ ಹೊತ್ತು ತೇಲುತ್ತಿದ್ದು ನಿಧಾನವಾಗಿ ಇಳಿಯುತ್ತದೆ. ಮನೆಯ ಗಾಳಿಯಲ್ಲಿ ನಡೆಯುವುದೂ ಇದೇ ವ್ಯಾಪಾರ. ಒಣ ಕಸಬರಿಗೆಯಿಂದ ನೆಲವನ್ನು ಬಳಿದಾಗ ಕಣ್ಣಿಗೆ ಕಾಣುವ ದಪ್ಪ ಧೂಳು ಕೆಲವು ನಿಮಿಷಗಳಲ್ಲಿ ನೆಲ ಮುಟ್ಟುತ್ತದೆ. ಕಾಣದ ನುಣುಪು ಧೂಳು ಗಂಟೆಗಟ್ಟಲೆ ತೇಲುತ್ತಲೇ ಇರುತ್ತದೆ. ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಕುಣಿಯುವ ಕಣಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೈದ್ಯರು ಹೇಳುವ ಪ್ರಕಾರ ಹೆಚ್ಚು ಅಪಾಯಕಾರಿಯಾದುದು ಈ ಕಾಣದ ಧೂಳೇ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದುಕೊಂಡರೆ, ಹತ್ತು ಮೈಕ್ರಾನಿಗಿಂತ ದಪ್ಪನಾದ ಕಣಗಳನ್ನು ಮೂಗು ಗಂಟಲುಗಳು ಬಹುಮಟ್ಟಿಗೆ ತಡೆದು ಹೊರಹಾಕುತ್ತವೆ. ಎರಡೂವರೆ ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಈ ಸಣ್ಣ ಕಣಗಳು ಒಂದು ಘನಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಮ್ ಮೀರಬಾರದೆಂದು ನಮ್ಮ ದೇಶ 2009ರಲ್ಲಿ ಮಾನದಂಡ ವಿಧಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 5 ಮೈಕ್ರೋಗ್ರಾಮಿಗೆ ಇಳಿಸಬೇಕೆಂದು ಹೇಳಿತು. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡ ಸೇರಿದೆ. ಆ ಕಾರ್ಯಕ್ರಮ ನಗರಗಳದು. ಹಳ್ಳಿಯ ಗಾಳಿ ಸದಾ ನಿರ್ಮಲವೆಂಬ ಭಾವನೆ ನಗರದವರಿಗೂ ಉಂಟು, ಹಳ್ಳಿಯವರಿಗೂ ಉಂಟು. ಸುಗ್ಗಿಯ ಕಾಲದಲ್ಲಿ ಅಣ್ಣಿಗೇರಿಯ ಆಸುಪಾಸಿನ ಒಂದು ಹಳ್ಳಿಯಲ್ಲಿ ಒಂದು ಸಂಜೆ ಕಳೆದವರು ಆ ಭಾವನೆಯನ್ನು ಬಿಟ್ಟುಕೊಡುವರು.

ಈಗ ಮುಖ್ಯವಾದ ಮಾತಿಗೆ ಬರೋಣ. ಮನೆಯ ಧೂಳನ್ನು ಅತಿ ಹೆಚ್ಚು ಉಸಿರಾಡುವವರು ಯಾರು? ಗುಡಿಸುವವರು. ನಮ್ಮ ಮನೆಗಳಲ್ಲಿ ಗುಡಿಸುವವರು ಯಾರೆಂಬುದನ್ನು ಬೇರೆ ಹೇಳಬೇಕೆ? ರಾಶಿಯ ಯಂತ್ರದ ಮುಂದೆ ನಿಲ್ಲುವ ಗಂಡಸು ಮೂಗಿಗೆ ಟವೆಲ್ಲು ಸುತ್ತಿಕೊಳ್ಳುತ್ತಾನೆ. ಅದೇ ರಾಶಿಯ ಹುಡಿ ಮನೆಯೊಳಗೆ ಬಂದಾಗ ಅದನ್ನು ಬಗ್ಗಿ ನಿಂತು, ಮೋಟು ಕಸಬರಿಗೆಯಿಂದ, ನೆಲಕ್ಕೆ ಮುಖ ಸಮೀಪವಾಗಿಟ್ಟು ಬಳಿಯುವ ಸೊಸೆಯ ಮೂಗಿಗೆ ಏನೂ ಇರುವುದಿಲ್ಲ. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ಶಿವಭಕ್ತರ ಅಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಸ್ವೀಕರಿಸಿದವಳು. ಶಂಭುಜಕ್ಕೇಶ್ವರ ಅಂಕಿತದಲ್ಲಿ ವಚನಗಳನ್ನು ರಚಿಸಿದ ಆಕೆಯನ್ನು ಅನುಭಾವಿಗಳ ಸಾಲಿನಲ್ಲಿ ನಿಲ್ಲಿಸಿ ಗೌರವಿಸುವ ಪರಂಪರೆ ನಮ್ಮದು. ವೇದಿಕೆಯ ಮೇಲೆ ಸತ್ಯಕ್ಕನನ್ನು ಕೊಂಡಾಡಿ, ಮನೆಗೆ ಬಂದು ಕಸಬರಿಗೆ ಹೆಂಗಸರ ಸೊತ್ತೆಂದು ಮುಖ ತಿರುವುವ ಗೃಹಸ್ಥರನ್ನು ನಾವು ಸಾಕಷ್ಟು ಕಂಡಿದ್ದೇವೆ. ಮಠಗಳ ಪ್ರಸಾದನಿಲಯಗಳಲ್ಲಿ ಬೆಳೆದ ಗಂಡುಮಕ್ಕಳು ನಸುಕಿನಲ್ಲಿಯೇ ಎದ್ದು ನೀರು ಚಿಮುಕಿಸಿ ಪಡಸಾಲೆಯನ್ನು ಗುಡಿಸಿದವರೇ; ಊರಿಗೆ ಮರಳಿದ ಮೇಲೆ ಆ ವಿದ್ಯೆಯನ್ನು ಏಕೆ ಮರೆತರೋ ತಿಳಿಯದು.

ಗುಡಿಸುವ ಕ್ರಮದಲ್ಲಿ ಒಂದೆರಡು ಬದಲಾವಣೆಗಳನ್ನು ಮಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಉದ್ದ ಹಿಡಿಕೆಯ ಕಸಬರಿಗೆಯಿದ್ದರೆ ಬೆನ್ನಿಗೂ ಲೇಸು, ಮೂಗೂ ನೆಲದಿಂದ ದೂರ. ಗುಡಿಸುವ ಮುನ್ನ ನೆಲಕ್ಕೆ ನೀರು ಚಿಮುಕಿಸಬೇಕು. ಅಂಗಳಕ್ಕೆ ಥಳಿ ಹೊಡೆಯುವ ನಾವು ಒಳಗಿನ ನೆಲವನ್ನು ಮಾತ್ರ ಒಣಗಿದ್ದಂತೆಯೇ ಬಳಿಯುವುದು ವಿಚಿತ್ರ. ಶಹಾಬಾದಿ ಫರಸಿ, ಸಿಮೆಂಟು ಅಥವಾ ಟೈಲ್ಸಿನ ನೆಲವಾದರೆ ಗುಡಿಸುವುದಕ್ಕಿಂತ ಒದ್ದೆ ಅರಿವೆಯಿಂದ ಒರೆಸುವುದೇ ಮೇಲು. ಕಪಾಟು, ಕಿಟಕಿ, ದೇವರಮನೆಯ ಜಗುಲಿಗಳನ್ನು ಮೊದಲು ಒರೆಸಿ, ನೆಲವನ್ನು ಕಡೆಗೆ ಮುಟ್ಟಬೇಕು. ಅರಿವೆ ಒದ್ದೆಯಾಗಿರಲಿ, ಒಣ ಅರಿವೆಯಿಂದ ಝಾಡಿಸುವುದೆಂದರೆ ಧೂಳಿಗೆ ಸ್ಥಳಾಂತರ ಮಾಡಿಸಿದಂತೆಯೇ ಹೊರತು ಅದನ್ನು ತೆಗೆದಂತಲ್ಲ. ಗುಡಿಸುವ ಹೊತ್ತಿನಲ್ಲಿ ಫ್ಯಾನು ನಿಂತಿರಬೇಕು, ಬಾಗಿಲು ಕಿಟಕಿ ತೆರೆದಿರಬೇಕು, ಕೂಸುಗಳೂ ದಮ್ಮಿನವರೂ ಹೊರಗಿರಬೇಕು. ಗುಡಿಸಿದೊಡನೆ ಅಡುಗೆಗೋ ಪೂಜೆಗೋ ಕೂಡಬಾರದು. ಗುಡಿಸಿ, ಮಿಂದು, ಅನಂತರ ಪೂಜೆಗೆ ಅಣಿಯಾಗುವ ಹಿರಿಯರ ಕ್ರಮದಲ್ಲಿ ಧೂಳು ಇಳಿಯಲು ಬೇಕಾದ ಅವಕಾಶ ತಾನಾಗಿಯೇ ಒದಗುತ್ತಿತ್ತು. ಸಗಣಿ ಸಾರಿಸಿದ ಮಣ್ಣಿನ ನೆಲದ ಬಗ್ಗೆಯೂ ಒಂದು ಮಾತು: ಸಾರಣೆ ಹೊಸದಾಗಿರುವಾಗ ಅದು ಹುಡಿಯನ್ನು ಹಿಡಿದಿಡುವುದು ನಿಜ, ಒಣಗಿ ಹೆಕ್ಕಳ ಏಳತೊಡಗಿದ ಮೇಲೆ ಅದೇ ಧೂಳಿನ ಗಣಿಯಾಗುತ್ತದೆ. ವಾರಕ್ಕೊಮ್ಮೆ ಸಾರಿಸಲಾಗದ ಮನೆಯಲ್ಲಿ ಫರಸಿ ಹಾಸುವುದೇ ಯೋಗ್ಯ. ಬಾಣಂತಿಯ ಕೋಣೆಯ ನೆಲಕ್ಕಂತೂ ಸಗಣಿ ಬೇಡ. ಹೊಕ್ಕುಳ ಮಾಯದ ಕೂಸಿಗೆ ಅದರಿಂದ ಧನುರ್ವಾಯುವಿನ ಭಯವಿದೆ.

ನೀರಿನ ಪ್ರಶ್ನೆ ಇಲ್ಲಿ ಏಳುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ. ನವಲಗುಂದ ಸೀಮೆಯಲ್ಲಿ ನೆಲದಡಿಯ ನೀರು ಬಹಳೆಡೆ ಸವಳು. ಮಲಪ್ರಭೆಯ ಕಾಲುವೆಯಿಂದ ಕೆರೆ ತುಂಬಿಸಿಕೊಂಡು ಕುಡಿದು ಬದುಕಿದ ಊರುಗಳವು. ಕುಡಿಯುವ ನೀರನ್ನು ನೆಲಕ್ಕೆ ಸುರಿಯಿರೆಂದು ಹೇಳುವಷ್ಟು ಅವಿವೇಕ ನಮ್ಮದಲ್ಲ. ಒರೆಸುವುದಕ್ಕೆ ಅರ್ಧ ಬಕೆಟ್ಟು ನೀರು ಸಾಕು. ಅಕ್ಕಿ ಬೇಳೆ ತೊಳೆದ ನೀರನ್ನು ದನಕ್ಕೆ ಕೊಟ್ಟು, ಬಟ್ಟೆ ಹಿಂಡಿದ ಕಡೆಯ ನೀರನ್ನು ನೆಲಕ್ಕೆ ಬಳಸಬಹುದು. ಅರಿವೆಯನ್ನು ಚೆನ್ನಾಗಿ ಹಿಂಡಿ ಒರೆಸಿದರೆ ಸವಳು ನೀರಾದರೂ ಫರಸಿಯ ಮೇಲೆ ಬಿಳಿ ಕಲೆ ಹೆಚ್ಚು ಉಳಿಯದು.

ಧೂಳು ಮನೆಗೆ ಬರುವ ಹೆದ್ದಾರಿಯೆಂದರೆ ಕಾಲು. ಜಂಗಮರು ಮನೆಯ ಹೊಸ್ತಿಲಿಗೆ ಬಂದಾಗ ಮೊದಲು ಅವರ ಪಾದದ ಧೂಳನ್ನು ತೊಳೆಯುವ ಆಚಾರಕ್ಕೆ ನಮ್ಮಲ್ಲಿ ಧೂಳಪಾದಾರ್ಚನೆಯೆಂದು ಹೆಸರು. ಅದರ ತಾತ್ವಿಕ ಅರ್ಥವನ್ನು ಬಲ್ಲವರು ಬಲ್ಲರು. ನಾವು ಇಲ್ಲಿ ಹೇಳುವುದು ಹೊರಮೈಯ ಮಾತು. ಊರೂರು ನಡೆದು ಬಂದವನ ಪಾದದೊಡನೆ ಆ ಊರುಗಳ ಮಣ್ಣೂ ಬರುತ್ತದೆ, ಅದನ್ನು ಹೊಸ್ತಿಲ ಹೊರಗೇ ನಿಲ್ಲಿಸಬೇಕೆಂಬ ತಿಳಿವಳಿಕೆ ಈ ಆಚಾರದಲ್ಲಿ ಹುದುಗಿದೆ. ಬಾಗಿಲ ಬಳಿ ಒಂದು ಕೊಡ ನೀರು, ಒಂದು ತಂಬಿಗೆ, ಕಾಲು ತೊಳೆಯಲು ಒಂದು ಕಲ್ಲು, ಇವು ಮೊದಲು ಎಲ್ಲ ಮನೆಗಳಲ್ಲಿದ್ದವು. ಈಗ ಹೊಲದಿಂದ ಬಂದವರು ಕೆಸರು ಒಣಗಿದ ಬೂಟಿನಲ್ಲಿಯೇ ಟಿವಿಯ ಮುಂದೆ ಕೂಡುವುದನ್ನು ಕಾಣುತ್ತೇವೆ. ಜಂಗಮರ ಕಾಲಿಗಷ್ಟೇ ನೀರು ಕೊಟ್ಟು ಮನೆಯ ಯಜಮಾನನ ಕಾಲಿಗೆ ವಿನಾಯಿತಿ ಕೊಟ್ಟಿರುವುದು ಯಾವ ಶಾಸ್ತ್ರ? ಹೊಸ್ತಿಲ ಹೊರಗೆ ಒರಟು ಗೋಣಿತಟ್ಟೊಂದು, ಒಳಗೆ ಇನ್ನೊಂದು ಹಾಸಿ, ದಿನವೂ ಹೊರಗೆ ಕೊಡವಬೇಕು.

ಹತ್ತಿಯ ಮಾತು ಎರೆನಾಡಿನದೇ ವಿಶೇಷ. ಬೆಲೆ ಏರುವುದೆಂಬ ಆಸೆಯಿಂದ ಬಿಡಿಸಿದ ಹತ್ತಿಯನ್ನು ಪಡಸಾಲೆಯಲ್ಲಿಯೋ ಮಲಗುವ ಕೋಣೆಯಲ್ಲಿಯೋ ಜಂತಿ ಮುಟ್ಟುವಂತೆ ಒಟ್ಟಿ ತಿಂಗಳುಗಟ್ಟಲೆ ಇಡುವ ಮನೆಗಳು ನವಲಗುಂದ ಕುಂದಗೋಳಗಳಲ್ಲಿ ಎಷ್ಟೋ ಇವೆ. ರೈತನಿಗೆ ಅದು ಬಂಗಾರ, ಹೊರಗೆ ಇಟ್ಟು ನಿದ್ರಿಸುವುದೆಂತು? ಆತನ ಸಂಕಟ ನಮಗೆ ತಿಳಿಯುತ್ತದೆ. ಆದರೆ ಹತ್ತಿಯೊಡನೆ ಒಣ ಎಲೆಯ ಚೂರು, ತೊಟ್ಟು, ಎಳೆಯ ತುಣುಕು, ಹೊಡೆದ ಔಷಧಿಯ ಶೇಷ ಎಲ್ಲವೂ ಬಂದಿರುತ್ತವೆ. ಹತ್ತಿಯ ಗಿರಣಿಗಳಲ್ಲಿ ಬಹುಕಾಲ ದುಡಿದವರಿಗೆ ಹತ್ತಿಧೂಳಿನಿಂದ ಎದೆ ಬಿಗಿಯುವ ರೋಗ ಬರುವುದನ್ನು ವೈದ್ಯಲೋಕ ಹಿಂದೆಯೇ ಗುರುತಿಸಿದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಅದು ಹೆಚ್ಚಾಗಿ ಕಾಣುವುದರಿಂದ ಅದಕ್ಕೆ ಸೋಮವಾರದ ಜ್ವರವೆಂಬ ಹೆಸರೂ ಬಿದ್ದಿತು. ಮನೆಯ ಹತ್ತಿಯ ರಾಶಿ ಗಿರಣಿಯಷ್ಟು ಘಾತುಕವಲ್ಲದಿರಬಹುದು. ಆದರೂ ಆ ರಾಶಿಯ ಮೇಲೆ ಮಕ್ಕಳನ್ನು ಕುಣಿಯಬಿಡುವುದು, ಅದರ ಪಕ್ಕದಲ್ಲಿಯೇ ಹಾಸಿಗೆ ಹಾಸುವುದು ಸರಿಯಲ್ಲ. ಬೇರೆ ಕೋಣೆಯಿಲ್ಲದವರು ದಪ್ಪ ತಾಡಪತ್ರಿಯಿಂದ ಅಡಿಯಿಂದ ಮುಡಿಯವರೆಗೆ ಮುಚ್ಚಿ, ಮಲಗುವುದನ್ನು ಇನ್ನೊಂದು ಅಂಕಣಕ್ಕೆ ಸಾಗಿಸಬೇಕು. ಕಾಳುಕಡಿ ಹಸನು ಮಾಡುವುದನ್ನೂ, ಒಣಮೆಣಸಿನಕಾಯಿಯ ತೊಟ್ಟು ಮುರಿಯುವುದನ್ನೂ ಹಿತ್ತಲಲ್ಲಿ ಗಾಳಿಗೆ ಬೆನ್ನು ಮಾಡಿ ಕುಳಿತು ಮುಗಿಸುವುದು ಲೇಸು. ಹಿಂದೆ ಕಣವನ್ನು ಊರ ಹೊರಗೆ ಗಾಳಿಯ ದಿಕ್ಕು ನೋಡಿ ಮಾಡುತ್ತಿದ್ದರು. ಈಗ ಯಂತ್ರವನ್ನು ಮನೆಯ ಬಾಗಿಲಿಗೇ ತಂದು ನಿಲ್ಲಿಸುತ್ತಾರೆ, ಇಲ್ಲವೆ ಡಾಂಬರು ರಸ್ತೆಯ ಮೇಲೆ ತೆನೆ ಹರವುತ್ತಾರೆ. ಇದು ಒಂದು ಮನೆಯವರು ಸುಧಾರಿಸಿದರೆ ಸಾಲದು, ಓಣಿಯವರೆಲ್ಲ ಕೂಡಿ ನಿರ್ಣಯಿಸಬೇಕಾದ ವಿಷಯ.

ಹಾಸಿಗೆಯನ್ನು ಮರೆಯುವಂತಿಲ್ಲ. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟನ್ನೇ ತಿಂದು ಬದುಕುವ ಧೂಳುಹುಳುಗಳು ತಲೆದಿಂಬು, ಗಾದಿ, ಕೌದಿಗಳಲ್ಲಿ ಮನೆ ಮಾಡುತ್ತವೆ. ಅವು ಕಚ್ಚುವುದಿಲ್ಲ; ಅವುಗಳ ಮಲವೇ ದಮ್ಮಿನ ಪ್ರಕೃತಿಯವರಿಗೆ ವಿಷಪ್ರಾಯ. ಕಡುಬಿಸಿಲಿನಲ್ಲಿ ಒಣಹಾಕಿದರೆ ಹುಳುಗಳು ಕಡಿಮೆಯಾಗುತ್ತವೆ, ಆದರೆ ಅವು ಬಿಟ್ಟ ಹೊಲಸು ಉಳಿಯುತ್ತದೆ. ಅದಕ್ಕೆ ಒಗೆಯಲೇ ಬೇಕು, ಅದೂ ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆದರೆ ಉತ್ತಮ. ಹತ್ತು ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಭಾರದ ಕೌದಿಯನ್ನು ವರ್ಷಕ್ಕೊಮ್ಮೆಯಲ್ಲದೆ ಒಗೆಯಲಾಗದು. ಅದರ ಮೇಲೊಂದು ತೆಳುವಾದ ಗವಸಣಿಗೆ ಹಾಕಿ ಆ ಗವಸಣಿಗೆಯನ್ನು ವಾರಕ್ಕೊಮ್ಮೆ ಒಗೆಯುವುದು ಸುಲಭ. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆಯ ಹೆಚ್ಚುಗಾರಿಕೆಯೂ ಇಲ್ಲಿಯೇ ಇದೆ: ಅದು ನೂಲಿನದು, ರೋಮವಿಲ್ಲದ್ದು, ಎರಡೂ ಮೈ ಸಮನಾದುದು, ಕೊಡವಿದರೆ ಧೂಳು ಬಿಟ್ಟುಕೊಡುತ್ತದೆ. ಪೇಟೆಯಿಂದ ತರುವ ಉಣ್ಣೆಯಂಥ ಕಾರ್ಪೆಟ್ಟು ಧೂಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂಡುತ್ತದೆ. ಕಲಘಟಗಿಯವರಿಗೆ ಮಳೆಗಾಲದಲ್ಲಿ ಬಿಸಿಲೇ ದುರ್ಲಭ. ಅವರು ಹಾಸಿಗೆಯನ್ನು ಗೋಡೆಗೆ ಒತ್ತಿ ಇಡದೆ, ನೆಲಕ್ಕೆ ತಾಗಿಸದೆ, ಹೊರಸಿನ ಮೇಲಿಟ್ಟು ಗಾಳಿಯಾಡಲು ಬಿಡಬೇಕು, ಬಿಸಿಲು ಕಂಡ ದಿನ ಬೇರೆ ಕೆಲಸ ಬಿಟ್ಟು ಹಾಸಿಗೆ ಹೊರಹಾಕಬೇಕು.

ಒಲೆಯ ಹೊಗೆ ಬೇರೆಯೇ ಒಂದು ಲೇಖನದ ವಸ್ತು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡವರ ಮನೆಗೂ ಗ್ಯಾಸು ಬಂದಿತಾದರೂ ಸ್ನಾನದ ನೀರೊಲೆ ಹತ್ತಿಕಟ್ಟಿಗೆಯಿಂದಲೇ ಉರಿಯುತ್ತಿರುವುದು ಹಲವು ಕಡೆ. 2020ರಲ್ಲಿ ಜಗತ್ತಿನಲ್ಲಿ ಮನೆಯೊಳಗಿನ ಹೊಗೆಯಿಂದ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ನೀರೊಲೆಯನ್ನು ಹಿತ್ತಲಿಗೆ ಸಾಗಿಸಿ. ಊದುಬತ್ತಿಯೂ ಹೊಗೆಯೇ. ದಮ್ಮಿನವರಿರುವ ಮನೆಯಲ್ಲಿ ಪತ್ರಿ ಪುಷ್ಪಗಳಿಂದ ಪೂಜೆ ಸಾಂಗವಾದೀತು, ಧೂಪವನ್ನು ಮನಸ್ಸಿನಲ್ಲಿ ಅರ್ಪಿಸಿದರೆ ಲಿಂಗಯ್ಯ ಮುನಿಯನು.

ಇಷ್ಟೆಲ್ಲ ಮಾಡಿದರೂ ದಮ್ಮು ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಲು ಸಂಕೋಚ ಬೇಡ. ಬಾಯಿಗೆ ಎಳೆದುಕೊಳ್ಳುವ ಪಂಪನ್ನು ಹಿಡಿದರೆ ಅದು ಚಟವಾಗುವುದೆಂದು ಹೆದರಿ, ಹೆಣ್ಣುಮಗುವಿಗೆ ಪಂಪು ಕೊಟ್ಟರೆ ಮುಂದೆ ಲಗ್ನಕ್ಕೆ ತೊಡಕೆಂದು ಮುಚ್ಚಿಟ್ಟು, ಕೂಸನ್ನು ರಾತ್ರಿಯಿಡೀ ಕೂತೇ ಕಳೆಯುವಂತೆ ಮಾಡುವವರು ಇದ್ದಾರೆ. ಪಂಪಿನ ಔಷಧಿ ಚಟವಲ್ಲ. ನೇರವಾಗಿ ಎದೆಗೆ ಹೋಗುವುದರಿಂದ ಗುಳಿಗೆಗಿಂತ ಅಲ್ಪ ಪ್ರಮಾಣದಲ್ಲಿಯೇ ಅದು ಕೆಲಸ ಮಾಡುತ್ತದೆ. ಅರ್ಧಕ್ಕೆ ಬಿಟ್ಟರೆ ರೋಗ ಮರಳುವುದುಂಟು, ಅದನ್ನೇ ಜನ ಚಟವೆಂದು ತಿಳಿದಿದ್ದಾರೆ.

ಮನೆಯ ಪಡುವಣಕ್ಕೂ ಮೂಡಣಕ್ಕೂ ಸ್ಥಳವಿದ್ದವರು ಬೇವು, ಹೊಂಗೆ, ಬಿಲ್ವಗಳನ್ನು ನೆಟ್ಟರೆ ಎಲೆಗಳು ಧೂಳನ್ನು ತಡೆದಿಡುತ್ತವೆ, ಮಳೆ ಬಂದು ತೊಳೆಯುತ್ತದೆ. ಬೆಳಕಿಂಡಿಗೆ ಸಣ್ಣ ಕಣ್ಣಿನ ಜಾಳಿಗೆ ಬಡಿಸಬಹುದು, ಮುಚ್ಚಿಬಿಡಬಾರದು. ಒಳಗಿನ ಹೊಗೆಗೆ ಅದೊಂದೇ ದಾರಿ. ಇನ್ನು ಈ ವರ್ಷ ಮೇಲ್ಮುದ್ದೆ ಹಾಕಿಸುವವರು ರೋಹಿಣಿ ಮಳೆಗೆ ಮುಂಚೆ ಆ ಕೆಲಸ ಮುಗಿಸಬೇಕು. ಮಾಳಿಗೆಯ ಮೇಲೆ ಹಾರೆ ಸಲಿಕೆ ಆಡುವ ಎರಡು ದಿನ ಕೂಸು, ಬಾಣಂತಿ, ಮುದುಕರನ್ನು ನೆರೆಮನೆಗೆ ಕಳುಹಿಸಿ, ಮೇಲುಕಟ್ಟನ್ನು ಕೆಲಸ ಮುಗಿಯುವವರೆಗೆ ಬಿಚ್ಚದೆ, ನೀರಿನ ಕೊಡಗಳನ್ನೂ ಹಿಟ್ಟಿನ ಡಬ್ಬಿಗಳನ್ನೂ ಹಿತ್ತಲಿಗೆ ಸಾಗಿಸಿಡಿ. ಹಳೆಯ ಮಣ್ಣಿನ ಭಾರವನ್ನು ಇಳಿಸದೆ ವರ್ಷವರ್ಷವೂ ಹೊಸದನ್ನೇ ಹೇರುತ್ತ ಹೋದರೆ ಜಂತಿ ಬಾಗುತ್ತದೆ, ಸಂದು ಹಿರಿದಾಗುತ್ತದೆ. ಕೆಲಸದವರಿಗೆ ಮೊದಲು ಹಳೆಯದನ್ನು ಕೆರೆದು ತೆಗೆಯುವಂತೆ ಹೇಳಿ.